ಬೂಷ್ಟನ್ನು ಕರೆದ ಗೋಡೆ

ಗುರುಪಾದಪ್ಪ ದಂಪತಿ ಕೊಂಡ ಹಳೆಯ ಮನೆಯ ಪಡಸಾಲೆಯಲ್ಲಿ ಬಚ್ಚಲ ಕಡೆಯ ಗೋಡೆಗೆ ಬೂಷ್ಟು ಹಿಡಿದಿತ್ತು. ಗಂಡ ಹೆಂಡತಿ ಹಗಲೆಲ್ಲ ಅದನ್ನೇ ಕೆರೆದರು, ಹೊಸ ಗಾರೆ ಮೆತ್ತಿದರು, ಫ್ಯಾನಿಟ್ಟು ಒಣಗಿಸಿದರು. ಎದುರಿನ ಗೋಡೆ ಗಟ್ಟಿಮುಟ್ಟಾಗಿತ್ತು. ಅದನ್ನು ಯಾರೂ ತಿರುಗಿ ನೋಡಲಿಲ್ಲ. ಅದಕ್ಕೆ ಹೊಟ್ಟೆ ಉರಿಯಿತು.

"ಏನಪ್ಪಾ, ಬಾಣಂತಿಗೂ ಇಷ್ಟು ಆರೈಕೆ ಸಿಗಲಾರದು!" ಎಂದು ಹಂಗಿಸಿತು.

"ಮೈ ಕೆರೆಸಿಕೊಳ್ಳುವುದು ಸುಖವಲ್ಲ ಅಣ್ಣಾ," ಎಂದಿತು ಬಚ್ಚಲ ಗೋಡೆ.

"ಸುಖಪಡುವವರೆಲ್ಲ ಹೇಳುವುದು ಹೀಗೆಯೇ," ಎಂದ ಗಟ್ಟಿಗೋಡೆ ಬೂಷ್ಟನ್ನು ಕರೆಯಿತು. "ನನ್ನಲ್ಲಿಗೂ ಬಾರಯ್ಯ."

"ತೇವವಿಲ್ಲದ ಕಡೆ ನಾನು ಬದುಕಲಾರೆ, ಒಡೆಯಾ."

ಗೋಡೆ ತನ್ನ ಹೊರಮೈಯ ಸಣ್ಣ ಬಿರುಕನ್ನು ಅಗಲಿಸಿ ಮಳೆನೀರು ಕುಡಿಯಿತು. ಬೂಷ್ಟು ಬಂದು ನೆಲೆಸಿತು. ಇನ್ನು ತನ್ನ ಸರದಿ ಎಂದು ಗೋಡೆ ಕಾದು ನಿಂತಿತು.

ಗೃಹಪ್ರವೇಶದ ಬೆಳಿಗ್ಗೆ ಗುರುಪಾದಪ್ಪ ತಾಯಿಯ ಫೋಟೋ ಹಿಡಿದು ನೇರವಾಗಿ ಅದರ ಮುಂದೆಯೇ ಬಂದ. ಮೊಳೆ ಹೊಡೆದರೆ ಗಾರೆ ಹಿಟ್ಟಿನಂತೆ ಉದುರಿತು.

"ಅಯ್ಯೋ, ಮನೆ ನೋಡಲು ಬಂದ ದಿನವೇ ಅತ್ತೆಯವರ ಫೋಟೋಗೆ ಈ ಗೋಡೇನೇ ಅಂತ ಗೊತ್ತುಮಾಡಿದ್ದಿರಲ್ಲ ರೀ!" ಎಂದಳು ಹೆಂಡತಿ.

ಅವನು ಮೊಳೆಯನ್ನು ಬಚ್ಚಲ ಗೋಡೆಗೆ ಹೊಡೆದ. ಅದು ಅಲ್ಲಾಡದೆ ನಿಂತಿತು.

"ಈ ಉದುರೋ ಗೋಡೆಗೇನು ಮಾಡೋಣ?" ಎಂದಳು ಹೆಂಡತಿ.

"ಬೀರು ಅಡ್ಡ ಇಟ್ಟುಬಿಡೋಣ. ನೆಂಟರು ಬರೋ ಹೊತ್ತಾಯ್ತು."

ಬೀರುವಿನ ಹಿಂದಿನ ಕತ್ತಲಲ್ಲಿ ಬೂಷ್ಟು ಆರಾಮಾಗಿ ಮೈಚಾಚಿತು. "ಒಳ್ಳೆಯ ಜಾಗ ಕೊಟ್ಟಿರಿ ಒಡೆಯಾ," ಎಂದಿತು. "ಇಲ್ಲಿ ನನ್ನನ್ನು ಯಾರೂ ಕೆರೆಯುವುದಿಲ್ಲ."