ಓಟಗಾರನ ಕಾಲಿಗೆ ಮರದ ಮೋಟು

"ಗುರುಗಳೇ, ನಿಮ್ಮಲ್ಲಿ ಕಂಡದ್ದನ್ನು ಕೂದಲೆಳೆಯಷ್ಟೂ ಬದಲಿಸದೆ ಆ ದೂರದ ಊರಿನವರಿಗೆ ಕಲಿಸಿದರೆ ನಿಮ್ಮ ವಿದ್ಯೆಯನ್ನು ಉಳಿಸಿದಂತಾಯಿತಲ್ಲವೇ?" ಎಂದು ಶಿಷ್ಯ ಕೇಳಿದ. ಅವನು ಪಾಠ ಹೇಳಲು ಪರದೇಶಕ್ಕೆ ಹೊರಟು ನಿಂತಿದ್ದ. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಗುರುಗಳ ಕೋಲಿನಂಥದೇ ಕೋಲು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಗ್ರೀಸ್ ದೇಶದಲ್ಲಿ ಒಬ್ಬ ಶಿಲ್ಪಿ ಇದ್ದ. ಅವನ ಮಗ ಥಿಯೋನ್ ಓಟದಲ್ಲಿ ಗೆದ್ದವನು. ಹರೆಯದಲ್ಲೇ ಜ್ವರ ಬಂದು ಸತ್ತ. ತಂದೆ ಅವನನ್ನು ಕಂಚಿನಲ್ಲಿ ಎರಕ ಹೊಯ್ದು ಊರ ಚೌಕದಲ್ಲಿ ನಿಲ್ಲಿಸಿದ. ಒಂದು ಕಾಲು ನೆಲದ ಮೇಲೆ, ಇನ್ನೊಂದರ ಹಿಮ್ಮಡಿ ಮೇಲಕ್ಕೆ, ಯಾವ ಆಸರೆಯೂ ಇಲ್ಲ. ಮಗನನ್ನು ಕಳೆದುಕೊಂಡ ಸಂಕಟಕ್ಕೆ ಅವನಿಗಿದ್ದ ಸಮಾಧಾನ ಅದೊಂದೇ.

ರೋಮಿನ ಒಬ್ಬ ವರ್ತಕ ಅದನ್ನು ಕಂಡು ಮರುಳಾದ. ಅಂಥದೇ ಒಂದು ತನ್ನ ತೋಟಕ್ಕೂ ಬೇಕು, ಅದೂ ಅಮೃತಶಿಲೆಯಲ್ಲೇ ಬೇಕು ಎಂದು ಶಿಲ್ಪಿಯನ್ನು ರೋಮಿಗೆ ಕರೆದೊಯ್ದ. ಕಂಚಿನ ಮೂರ್ತಿ ಒಳಗೆ ಟೊಳ್ಳು, ಹಗುರ. ಕಲ್ಲು ಹಾಗಲ್ಲ, ಮೈಯ ಭಾರಕ್ಕೆ ಕಾಲೇ ಮುರಿಯುತ್ತದೆ. ಶಿಲ್ಪಿ ಬೇರೆ ದಾರಿ ಕಾಣದೆ, ಅದೇ ಕಲ್ಲಿನಲ್ಲಿ ಕಾಲಿಗೆ ಅಂಟಿಕೊಂಡಂತೆ ಆಸರೆಗೆ ಒಂದು ಮರದ ಮೋಟನ್ನು ಕೆತ್ತಿದ. ಅವನಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ.

ವರ್ತಕನ ನೆಂಟರಿಗೆಲ್ಲ ಅಂಥದೇ ಬೇಕಾಯಿತು. ಶಿಲ್ಪಿ ಅಲ್ಲೇ ಉಳಿದು ಕೆತ್ತಿದ; ಬೇರೆಯವರು ಅವನದನ್ನು ನೋಡಿ ಕೆತ್ತಿದರು. ಓಟಗಾರನ ಮುಖ ಯಾರ್ಯಾರದೋ ಆಯಿತು. ಮೋಟು ಮಾತ್ರ ಬರಬರುತ್ತ ಚೆಂದವಾಯಿತು. ಒಬ್ಬ ಅದಕ್ಕೆ ಬಳ್ಳಿ ಹಬ್ಬಿಸಿದ, ಇನ್ನೊಬ್ಬ ಹಕ್ಕಿ ಕೂರಿಸಿದ. ನೋಡಲು ಬಂದವರು ಮೊದಲು ಹಕ್ಕಿಯನ್ನೇ ಹುಡುಕತೊಡಗಿದರು. ನಗಬೇಡ, ನೀನಿದ್ದರೂ ಅದನ್ನೇ ಹುಡುಕುತ್ತಿದ್ದೆ.

ಅತ್ತ ಗ್ರೀಸಿನಲ್ಲಿ ಭೂಕಂಪವಾಗಿ, ಕಡಲ ದಡದ ಆ ಊರಿನ ಚೌಕದಲ್ಲಿದ್ದ ಕಂಚಿನ ಮೂರ್ತಿ ಕಡಲ ಪಾಲಾಯಿತು. ಊರಿನ ಹೊಸ ತಲೆಮಾರಿನವರು ರೋಮಿನಿಂದ ಕಲ್ಲಿನ ಮೂರ್ತಿಯೊಂದನ್ನು ತರಿಸಿ, ಅದನ್ನು ನೋಡಿಕೊಂಡು ಮತ್ತೆ ಕಂಚಿನಲ್ಲಿ ಎರಕ ಹೊಯ್ಸಿದರು. ಮುದುಕನಾದ ಶಿಲ್ಪಿ ಮಗನನ್ನು ಕಡೆಯ ಸಲ ನೋಡಬೇಕೆಂದು ಊರಿಗೆ ಬಂದ. ಚೌಕದಲ್ಲಿ ಥಿಯೋನ್ ಕಂಚಿನ ಮೋಟಿಗೆ ಒರಗಿಕೊಂಡು ನಿಂತಿದ್ದ.

"ಇದೇನಪ್ಪ, ನನ್ನ ಮಗನಿಗೆ ಆಸರೆ ಯಾಕೆ? ಅವನು ತನ್ನ ಕಾಲ ಮೇಲೆ ತಾನೇ ನಿಂತಿದ್ದ" ಎಂದ ಮುದುಕ.

ಹೊಸ ಮೂರ್ತಿಯ ಎರಕ ಹೊಯ್ದವನು ಅಲ್ಲೇ ಇದ್ದ. ಅವನು ಮರ್ಯಾದೆಯಿಂದಲೇ ಹೇಳಿದ: "ಇಲ್ಲ ತಾತ, ನಿಮಗೆ ಮರೆತಿರಬೇಕು. ರೋಮಿನಲ್ಲಿರುವವೆಲ್ಲ ಹೀಗೇ ಇವೆ. ಮೊದಲನೆಯದನ್ನು ಕೆತ್ತಿದವನೇ ಮೋಟು ಇಟ್ಟಿದ್ದಾನೆ."

ಮುದುಕ ಮೋಟನ್ನು ಮುಟ್ಟಿ ನೋಡಿದ. 'ಕಲ್ಲಿಗೆ ಇಟ್ಟೆ, ನಿಜ; ಕಂಚಿಗೂ ಇಟ್ಟಿದ್ದೆನೇ?' ಎಂದು ತನ್ನನ್ನೇ ಕೇಳಿಕೊಂಡ. ಕಣ್ಣು ಮುಚ್ಚಿ ಮಗನನ್ನು ನೆನೆದ. ಮಗ ಬಂದ, ಪಕ್ಕದಲ್ಲಿ ಮೋಟೂ ಬಂತು. ಮತ್ತೆ ಮತ್ತೆ ನೆನೆದ. ಮೋಟಿಲ್ಲದ ಮಗ ಅವನ ನೆನಪಿಗೆ ಬರಲೇ ಇಲ್ಲ. ಅಲ್ಲೇ ಕುಸಿದು ಕೂತು ಅತ್ತ.

ಕತೆ ಕೇಳಿ ಶಿಷ್ಯನಿಗೂ ಗೊಂದಲವಾಯಿತು. "ಎರಕದವನು ಕಂಡದ್ದನ್ನು ಕಂಡ ಹಾಗೇ ಮಾಡಿದ. ಅವನದೇನು ತಪ್ಪು, ಗುರುಗಳೇ?" ಎನ್ನುತ್ತ ಕೋಲೂರಿ ಎದ್ದು ನಿಂತ.

ಗುರುಗಳು ಆ ಕೋಲನ್ನು ನೋಡಿ ಹೇಳಿದರು: "ನಾನು ಕೋಲು ಹಿಡಿದದ್ದು ಮೊಣಕಾಲು ನೋವಿಗೆ, ಮಗು, ನಿನ್ನ ಕಾಲಿಗೆ ಏನಾಗಿದೆ?"