ಮುಂದೆ ಸರಿದ ಹಂಡೆ

ಗುರುಸಿದ್ದಯ್ಯನವರು ಜೀಪಿನ ಕೊಂಡಿಗೆ ಎರಡು ಗಾಲಿಯ ಪುಟ್ಟ ಮನೆಯೊಂದನ್ನು ಸಿಕ್ಕಿಸಿಕೊಂಡು ತೀರ್ಥಯಾತ್ರೆಗೆ ಹೊರಟಿದ್ದರು. ಆ ಮನೆಯೊಳಗೆ ಹಾಸಿಗೆಯ ಸುರುಳಿಗೆ ಕೊಂಡಿಯ ಹತ್ತಿರ ಮುಂದಿನ ಜಾಗ, ನೀರು ತುಂಬಿದ ತಾಮ್ರದ ಹಂಡೆಗೆ ನಡುವೆ, ಗಾಲಿಗಳ ಮೇಲಿನ ಜಾಗ. ಹಂಡೆಗೆ ಅದನ್ನು ಕಂಡು ಹೊಟ್ಟೆಯುರಿ.

“ಹಗಲೆಲ್ಲ ಬಿದ್ದುಕೊಂಡಿರುವವಳಿಗೆ ಮುಂದಿನ ಮರ್ಯಾದೆ, ಎಲ್ಲರ ಬಾಯಾರಿಕೆ ತೀರಿಸುವ ನನಗೆ ಹಿಂದಿನ ಸಾಲೇ?” ಎಂದು ಗೊಣಗುತ್ತ, ರಸ್ತೆಯ ಒಂದೊಂದು ಕುಲುಕಿಗೂ ಒಂದೊಂದು ಗೇಣು ಮುಂದೆ ಸರಿಯಿತು.

“ಹಂಡೆಯಕ್ಕಾ, ನಿಲ್ಲು,” ಎಂದಿತು ಕೊಂಡಿ. “ನನ್ನದು ಜೀಪಿನ ಕೈ ಹಿಡಿಯುವ ಕೆಲಸ. ಹಾಸಿಗೆಯಷ್ಟು ಭಾರವಾದರೆ ತಾಳಿಕೊಂಡೇನು, ನಿನ್ನಷ್ಟನ್ನು ತಾಳಲಾರೆ.”

“ನೀನೂ ಅವಳ ಪರವೇ!” ಎಂದ ಹಂಡೆ, ಹಾಸಿಗೆಯನ್ನು ಒತ್ತರಿಸಿ ಮುಂದೆ ಕೂತೇಬಿಟ್ಟಿತು.

ಕೊಂಡಿ ಕುಸಿಯಿತು. ಜೀಪಿನ ಹಿಂಭಾಗ ತಗ್ಗಿ, ಅದರ ಮುಂದಿನ ಚಕ್ರಗಳು ನೆಲದ ಹಿಡಿತ ಬಿಟ್ಟವು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಜೀಪು ನೆಟ್ಟಗೆ ಕಂದಕದ ಕಡೆಗೇ ನಡೆಯಿತು. “ಶಿವಶಿವಾ!” ಎಂದು ಗುರುಸಿದ್ದಯ್ಯನವರು ಬ್ರೇಕು ಒತ್ತಿದರು, ಅಂಚು ಇನ್ನು ಮೊಳದೂರ ಇರುವಾಗ ಜೀಪು ನಿಂತಿತು. ಇಳಿದು ಬಂದು ನೋಡಿದವರೇ ಹಂಡೆಯನ್ನು ಹಿಂದಕ್ಕೆಳೆದು, ಗಾಲಿಗಳ ಮೇಲೆಯೇ ಇಟ್ಟು ಹಗ್ಗ ಬಿಗಿದರು.

“ಕೊನೆಗೂ ಇಲ್ಲಿಗೇ ಬಂತು ನನ್ನ ಬಾಳು,” ಎಂದು ಹಂಡೆ ಮುಖ ಊದಿಸಿತು.

“ಊರು ಬಿಟ್ಟಾಗಿನಿಂದ ನಿನ್ನನ್ನು ಹೊತ್ತವರು ನಾವು, ಅಕ್ಕಾ,” ಎಂದವು ಕೆಳಗಿನ ಗಾಲಿಗಳು. “ಒಮ್ಮೆಯಾದರೂ ಭಾರವಾದೆ ಎಂದೆವೇ?”

ಹಂಡೆಯೊಳಗೆ ತುಳುಕುತ್ತಿದ್ದ ನೀರು ಮೆಲ್ಲಗೆ ನಿಂತಿತು.