ಬೆನ್ನ ಮರೆಯ ಚಾಂಪಿಯನ್

ಒಂದು ಕಾಡಿನ ಪ್ರಾಣಿಗಳಿಗೆಲ್ಲ ಸೈಕಲ್ಲಿನ ಹುಚ್ಚು. ಮಳೆಗಾಲ ಮುಗಿದ ಕೂಡಲೇ ಅಲ್ಲಿ ದೊಡ್ಡ ರೇಸು ನಡೆಯುತ್ತಿತ್ತು. ಹೊಳೆಯ ದಂಡೆಯಿಂದ ಹೊರಟು, ಬಯಲು ದಾಟಿ, ಕಲ್ಲುಗುಡ್ಡದ ನೆತ್ತಿ ಮುಟ್ಟಬೇಕು. ಬಯಲಿನಲ್ಲಿ ಭಾರೀ ಎದುರುಗಾಳಿ. ಮುಂದೆ ಹೋಗುವವರಿಗೆ ಉಸಿರು ಕಿತ್ತುಬರುತ್ತಿತ್ತು. ಅವರ ಬೆನ್ನಿಗಂಟಿಕೊಂಡು ಬಂದವರಿಗೆ ಗಾಳಿಯೇ ತಾಗುತ್ತಿರಲಿಲ್ಲ.

ಕೆಂಚಣ್ಣ ಎಂಬ ನರಿ ಮೊದಲ ವರ್ಷ ರೇಸಿನಲ್ಲಿ ಸೋತು ಸುಣ್ಣವಾದ. ಎರಡನೇ ವರ್ಷ ಕಾಡುಕೋಣ ಭರಮಣ್ಣನ ಹತ್ತಿರ ಬಂದ.

"ಅಣ್ಣಾ, ಬಯಲು ದಾಟೋ ತನಕ ನಿನ್ನ ಬೆನ್ನ ಮರೆಯಲ್ಲಿ ಬರ್ತೀನಿ. ಗುಡ್ಡದಲ್ಲಿ ನಾನು ಮುಂದೆ ಹೋಗಿ ಗಾಳಿ ತಡೀತೀನಿ. ಕೊನೆಗೆ ನೀನೇ ಗೆಲ್ಲು."

ಭರಮಣ್ಣ ಒಮ್ಮೆಯೂ ಗೆದ್ದವನಲ್ಲ. ಆಸೆಯಾಯಿತು. "ನಿಜವಾಗ್ಲೂ?"

"ನನ್ನ ಬಾಲದ ಮೇಲಾಣೆ!"

ರೇಸಿನ ದಿನ ಕೆಂಚಣ್ಣ ಬಯಲುದ್ದಕ್ಕೂ ಭರಮಣ್ಣನ ಬೆನ್ನ ಮರೆಯಲ್ಲೇ ಬಂದ. ಗುಡ್ಡದ ಬುಡ ಬಂತು. ಕೆಂಚಣ್ಣ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತ ಒಬ್ಬನೇ ಮುಂದೆ ಹಾರಿಹೋದ. ಗೆಲುವಿನ ಹಾರ ಅವನ ಕೊರಳಿಗೆ ಬಿತ್ತು.

"ಏನೋ ಇದು?" ಎಂದು ಏದುಸಿರು ಬಿಡುತ್ತ ಭರಮಣ್ಣ ಕೇಳಿದ.

"ಬ್ರೇಕು ಹಿಡೀಲಿಲ್ಲ ಅಣ್ಣಾ!"

"ಏರಿನಲ್ಲಾ?"

ಕೆಂಚಣ್ಣ ಕೇಳಿಸದವನಂತೆ ಹಾರ ಮೂಸಿದ.

ಮರುವರ್ಷ ಅದೇ ಮಾತು ಕೊಟ್ಟು ಸಣ್ಣಕ್ಕ ಎಂಬ ಕಡವೆಯ ಬೆನ್ನು ಹಿಡಿದ. ಅದರ ಮರುವರ್ಷ ಕರಡಿಯ ಬೆನ್ನು. ಮೂರು ವರ್ಷ, ಮೂರು ಹಾರ. ಕಾಡೆಲ್ಲ ಅವನನ್ನು ಚಾಂಪಿಯನ್ ಎಂದು ಕರೆಯಿತು.

ಐದನೇ ವರ್ಷ ಬಯಲಿಗೆ ಬಂದ ಕೂಡಲೇ ಕೆಂಚಣ್ಣ ಭರಮಣ್ಣನ ಹಿಂದೆ ಸೇರಿಕೊಂಡ. ಭರಮಣ್ಣ ಪೆಡಲ್ ತುಳಿಯುವುದನ್ನೇ ನಿಲ್ಲಿಸಿದ. ಕೆಂಚಣ್ಣ ಸಣ್ಣಕ್ಕನ ಹಿಂದೆ ಹೋದ. ಅವಳು ಪಕ್ಕಕ್ಕೆ ಸರಿದು ನೀರು ಕುಡಿಯತೊಡಗಿದಳು. ಕರಡಿ ಆಮೆಯಂತೆ ನಿಧಾನವಾಯಿತು.

"ಇದೇನು, ಯಾರೂ ಮುಂದೆ ಹೋಗೋದಿಲ್ವಾ?"

"ಚಾಂಪಿಯನ್ ಇರುವಾಗ ನಾವು ಮುಂದೆ ಹೋಗೋದಾ? ನಡಿಯಪ್ಪಾ!" ಎಂದಳು ಸಣ್ಣಕ್ಕ.

ಕೆಂಚಣ್ಣ ಸಿಟ್ಟಿನಿಂದ ಮುಂದೆ ನುಗ್ಗಿದ. ಗಾಳಿಗೆ ಅವನ ಕಿವಿಗಳು ಹಿಂದಕ್ಕೆ ಮಡಚಿಕೊಂಡವು. ಬಾಲ ಚಕ್ರಕ್ಕೆ ಸಿಕ್ಕಿಕೊಳ್ಳುವಂತಾಯಿತು. ಅರ್ಧ ಬಯಲು ದಾಟುವಷ್ಟರಲ್ಲಿ ಕಾಲು ಸೋತುಹೋದವು.

"ಯಾರಾದ್ರೂ ಸ್ವಲ್ಪ ಮುಂದೆ ಬನ್ರೋ!"

ಬಂದರು. ಭರಮಣ್ಣನೂ ಸಣ್ಣಕ್ಕನೂ ಅವನನ್ನು ದಾಟಿಯೇ ಹೋದರು. ಸ್ವಲ್ಪ ಹೊತ್ತು ಭರಮಣ್ಣ ಮುಂದೆ, ಸ್ವಲ್ಪ ಹೊತ್ತು ಸಣ್ಣಕ್ಕ ಮುಂದೆ. ಗುಡ್ಡದ ನೆತ್ತಿ ಹತ್ತಿರವಾದಾಗ ಸಣ್ಣಕ್ಕ ಸೈಕಲ್ ಬದಿಗೆ ಸರಿಸಿದಳು.

"ಹೋಗಣ್ಣಾ. ಬಯಲಿನಲ್ಲಿ ಹೆಚ್ಚು ಗಾಳಿ ತಡೆದವನು ನೀನು. ಹೆಚ್ಚು ಗಾಳಿ ತಡೆದವರೇ ಗೆಲ್ಲಲಿ ಅಂತ ಮೊದಲೇ ಮಾತಾಡಿಕೊಂಡಿದ್ದೆವಲ್ಲ!"

ಭರಮಣ್ಣ ಅಳುತ್ತಳುತ್ತಲೇ ಗೆರೆ ದಾಟಿದ.

ಎಲ್ಲರೂ ಬಂದಾದ ಮೇಲೆ ಕೆಂಚಣ್ಣ ಸೈಕಲ್ ತಳ್ಳಿಕೊಂಡು ಬಂದ. ತಲೆ ತಗ್ಗಿಸಿ ಕೇಳಿದ: "ಮುಂದಿನ ವರ್ಷ ನನ್ನನ್ನೂ ಸೇರಿಸಿಕೊಳ್ತೀರಾ?"

"ಬಾ, ಬೇಡ ಅನ್ನಲ್ಲ," ಎಂದ ಭರಮಣ್ಣ. "ಆದ್ರೆ ಬಯಲಿನಲ್ಲಿ ಮೊದಲು ಮುಂದೆ ಹೋಗೋನು ನೀನು."

ನೀತಿ: ಕೊಟ್ಟ ಮಾತು ಮುರಿದು ಗೆದ್ದವನಿಗೆ, ಕಷ್ಟದಲ್ಲಿ ಯಾರ ಆಸರೆಯೂ ಸಿಗುವುದಿಲ್ಲ.